ಪ್ಯಾನಿಕ್ ಎಂಬ ಪದದ ಅರ್ಥ, ಮೂಲ, ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಭಯವನ್ನು ಹೇಳುವ ಇಂಗ್ಲಿಷ್ ಪದಗಳು ಹತ್ತಾರಿವೆ. ಅವುಗಳಲ್ಲಿ ಕನ್ನಡದ ಮಾತಿನೊಳಗೆ ಪೂರ್ತಿ ಬೆರೆತುಹೋಗಿರುವುದು ‘ಪ್ಯಾನಿಕ್’. ಈ ಪದದ ಬಗ್ಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇವೆ. ಸುಲಭದವು ಮೊದಲು, ಚರ್ಚೆಗೆ ಎಡೆಮಾಡುವವು ಕೊನೆಗೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಅರ್ಥ ಮತ್ತು ಬಳಕೆ

ಪ್ಯಾನಿಕ್ ಅಂದ್ರೆ ಭಯ ಅಂತ ತಾನೇ? ಅದರಲ್ಲಿ ವಿಶೇಷ ಏನು?

ಭಯವೇ, ಆದರೆ ಎಲ್ಲ ಭಯವೂ ಪ್ಯಾನಿಕ್ ಅಲ್ಲ. ಅದಕ್ಕೆ ಮೂರು ಗುರುತುಗಳಿವೆ. ದಿಢೀರನೆ ಬರುತ್ತದೆ. ಕಾರಣ ಕಣ್ಣಿಗೆ ಕಾಣುವುದಿಲ್ಲ, ಕಂಡರೂ ಭಯ ಅದಕ್ಕಿಂತ ಬಹಳ ದೊಡ್ಡದಾಗಿರುತ್ತದೆ. ಬಂದ ಮೇಲೆ ಬುದ್ಧಿ ಕೈಕೊಡುತ್ತದೆ. ಗುಂಪಿನಲ್ಲಿದ್ದರೆ ನಾಲ್ಕನೆಯದೊಂದು ಸೇರಿಕೊಳ್ಳುತ್ತದೆ: ಒಬ್ಬರಿಂದ ಒಬ್ಬರಿಗೆ ಹರಡುತ್ತದೆ.

ಪರೀಕ್ಷೆ ಹತ್ತಿರ ಬರುತ್ತಿದೆ ಎಂದು ವಾರದಿಂದ ಹೊಟ್ಟೆಯೊಳಗೆ ಸಂಕಟವಾಗುವುದು ಪ್ಯಾನಿಕ್ ಅಲ್ಲ, ಅದು ಆತಂಕ. ಪ್ರಶ್ನೆಪತ್ರಿಕೆ ಕೈಗೆ ಬಂದ ಕ್ಷಣ ಗೊತ್ತಿರುವ ಉತ್ತರವೂ ಮರೆತುಹೋಗಿ, ಪೆನ್ನು ಹಿಡಿಯಲಾಗದೆ ಕೂರುವುದು ಪ್ಯಾನಿಕ್. ಅಟ್ಟಿಸಿಕೊಂಡು ಬಂದ ನಾಯಿಯನ್ನು ಕಂಡು ಒಳಗೆ ಓಡಿ ಗೇಟು ಹಾಕಿಕೊಳ್ಳುವುದು ಭಯ. ಗೇಟು ಪಕ್ಕದಲ್ಲೇ ಇದ್ದರೂ ಅದು ಕಾಣದೆ ವಾಹನ ಓಡಾಡುವ ರಸ್ತೆಗೆ ನುಗ್ಗುವುದು ಪ್ಯಾನಿಕ್. ಈ ವ್ಯತ್ಯಾಸ ಪದ ಹುಟ್ಟಿದ ಕಾಲದಿಂದಲೂ ಇದೆ.

ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಯಾವುದು? ಗಾಬರಿ ಅಂದ್ರೆ ಸಾಕಾ?

ಬಹುಪಾಲು ಕಡೆ ಸಾಕು. ‘ಗಾಬರಿಯಾಗಬೇಡಿ’ ಎಂಬುದು ‘ಡೋಂಟ್ ಪ್ಯಾನಿಕ್’ ಎಂಬುದಕ್ಕೆ ಒಂದು ಕೂದಲೂ ಹೆಚ್ಚುಕಮ್ಮಿಯಿಲ್ಲದ ಮಾತು. ದಿಗಿಲು ಸ್ವಲ್ಪ ಬೇರೆ: ಅದು ಸದ್ದಿಲ್ಲದೆ ಬಹಳ ಹೊತ್ತು ಒಳಗೇ ಕೂತಿರಬಲ್ಲದು. ತಲ್ಲಣ ದಿನಗಟ್ಟಲೆ ಇರಬಹುದು. ಕಂಗಾಲು ಎನ್ನುವುದು ಭಯ ಬಂದು ಹೋದ ಮೇಲಿನ ಅಸಹಾಯಕ ಸ್ಥಿತಿಗೆ ಹೆಚ್ಚು ಹೊಂದುತ್ತದೆ. ಗುಂಪಿನ ಪ್ಯಾನಿಕ್ ಅನ್ನು ಹೇಳುವಾಗ ಒಂದೇ ಪದಕ್ಕೆ ಕಟ್ಟುಬೀಳದೆ ‘ಗಾಬರಿಬಿದ್ದು ದಿಕ್ಕಾಪಾಲಾಗಿ ಓಡಿದರು’ ಎಂದು ಬಿಡಿಸಿ ಹೇಳಿದರೆ ಚೆನ್ನ. ವೈದ್ಯಕೀಯ ಬರಹದಲ್ಲಿ ಮಾತ್ರ ಪ್ಯಾನಿಕ್ ಅಟ್ಯಾಕ್ ಎಂದೇ ಉಳಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ಅದಕ್ಕೆ ಅಳತೆಗೋಲು ಸಮೇತ ಖಚಿತ ಅರ್ಥವಿದೆ, ಗಾಬರಿ ಎಂದರೆ ಆ ಖಚಿತತೆ ಹೋಗುತ್ತದೆ.

‘ಐ ಬಿಕೇಮ್ ಪ್ಯಾನಿಕ್’ ಅಂದ್ರೆ ತಪ್ಪಾ?

ತಪ್ಪು. ಕನ್ನಡದಲ್ಲಿ ‘ಪ್ಯಾನಿಕ್ ಆದೆ’ ಎನ್ನುತ್ತೇವಲ್ಲ, ಅದನ್ನೇ ಇಂಗ್ಲಿಷಿಗೆ ಎತ್ತಿಟ್ಟಾಗ ಹೀಗಾಗುತ್ತದೆ. ಇಂದಿನ ಇಂಗ್ಲಿಷ್‌ನಲ್ಲಿ ಪ್ಯಾನಿಕ್ ಒಂದು ನಾಮಪದ, ಒಂದು ಕ್ರಿಯಾಪದ. ಮನುಷ್ಯನ ಸ್ಥಿತಿಯನ್ನು ಹೇಳುವ ಗುಣವಾಚಕವಾಗಿ ಅದು ಒಂಟಿಯಾಗಿ ನಿಲ್ಲುವುದಿಲ್ಲ. ಸರಿಯಾದ ದಾರಿ ಮೂರು: ‘ಐ ಪ್ಯಾನಿಕ್ಡ್’, ‘ಐ ವಾಸ್ ಇನ್ ಎ ಪ್ಯಾನಿಕ್’, ‘ಐ ಗಾಟ್ ಪ್ಯಾನಿಕಿ’. ಕೊನೆಯದು ಆಡುಮಾತಿನದು. ಯಾವುದರ ಬಗ್ಗೆ ಎಂದು ಹೇಳಲು ‘ಅಬೌಟ್’ ಅಥವಾ ‘ಓವರ್’ ಸೇರಿಸಬೇಕು. ಗಾಬರಿಯಲ್ಲಿ ಏನನ್ನೋ ಮಾಡಿಬಿಟ್ಟರು ಎನ್ನಲು ‘ಪ್ಯಾನಿಕ್ಡ್ ಇನ್‌ಟು’ ಎಂದು ಹೇಳಿ, ಅದರ ಮುಂದೆ ‘ಇಂಗ್’ ರೂಪದ ಕ್ರಿಯಾಪದ ಇಡಬೇಕು: ‘ದೇ ವರ್ ಪ್ಯಾನಿಕ್ಡ್ ಇನ್‌ಟು ಸೆಲ್ಲಿಂಗ್’.

ಸ್ಪೆಲಿಂಗ್‌ನಲ್ಲಿ ‘ಕೆ’ ಯಾವಾಗ ಬರುತ್ತೆ, ಯಾವಾಗ ಬರಲ್ಲ?

ಮೂಲ ಪದ ‘ಸಿ’ ಅಕ್ಷರದಲ್ಲಿ ಮುಗಿಯುತ್ತದೆ. ಅದರ ಮುಂದೆ ಇ, ಐ ಅಥವಾ ವೈ ಬಂದರೆ ಓದುವವರು ‘ಸ’ ಎಂದು ಓದುವ ಅಪಾಯವಿದೆ, ಆದ್ದರಿಂದ ನಡುವೆ ಒಂದು ‘ಕೆ’ ಇಡಬೇಕು. ಪ್ಯಾನಿಕ್ಡ್, ಪ್ಯಾನಿಕಿಂಗ್, ಪ್ಯಾನಿಕಿ ಮೂರರಲ್ಲೂ ಅದು ಬರುತ್ತದೆ. ಬರಿಯ ‘ಎಸ್’ ಸೇರುವ ‘ಪ್ಯಾನಿಕ್ಸ್’ ರೂಪದಲ್ಲಿ ಬರುವುದಿಲ್ಲ. ಪಿಕ್ನಿಕ್, ಮಿಮಿಕ್, ಟ್ರಾಫಿಕ್ ಪದಗಳಿಗೂ ಇದೇ ನಿಯಮ. ಉಚ್ಚಾರದಲ್ಲಿ ಒತ್ತು ‘ಪ್ಯಾ’ ಮೇಲೆ. ಭೂತಕಾಲದ ರೂಪದ ಕೊನೆ ಬಾಯಲ್ಲಿ ‘ಕ್ಟ್’ ಎಂದು ಕೇಳಬೇಕು, ‘ಕೆಡ್’ ಎಂದಲ್ಲ.

## ಪದದ ಮೂಲ

ಇದು ಗ್ರೀಕ್ ದೇವರ ಹೆಸರಿನಿಂದ ಬಂತು ಅಂತಾರೆ. ನಿಜಾನಾ?

ನಿಜ. ಆ ದೇವರ ಹೆಸರು ಪ್ಯಾನ್. ಗ್ರೀಸ್‌ನ ದಕ್ಷಿಣಕ್ಕಿರುವ ಪೆಲೊಪೊನೀಸ್‌ನ ನಡುವೆ ಅರ್ಕೇಡಿಯಾ ಎಂಬ ಗುಡ್ಡಗಾಡು ಸೀಮೆಯಿದೆ. ಪ್ಯಾನ್ ಅಲ್ಲಿಯ ಕುರಿ-ಮೇಕೆಗಳ, ಅವನ್ನು ಕಾಯುವವರ ದೇವರು. ಸೊಂಟದಿಂದ ಕೆಳಗೆ ಮೇಕೆಯ ಕಾಲು, ತಲೆಯ ಮೇಲೆ ಕೊಂಬು, ಗಡ್ಡ. ಕೈಯಲ್ಲಿ ಜೊಂಡಿನ ಕೊಳವೆಗಳನ್ನು ಜೋಡಿಸಿ ಕಟ್ಟಿದ ಕೊಳಲು. ಆ ಕೊಳಲಿನ ಹೆಸರು ಸಿರಿಂಕ್ಸ್, ಇಂದಿನ ‘ಸಿರಿಂಜ್’ ಕೂಡ ಅದೇ ಗ್ರೀಕ್ ಪದದಿಂದ ಬಂದದ್ದು. ಪ್ಯಾನ್‌ಗೆ ಪೂಜೆ ನಡೆಯುತ್ತಿದ್ದದ್ದು ಹೆಚ್ಚಾಗಿ ಗುಹೆಗಳಲ್ಲಿ.

ಗ್ರೀಕರು ಕಾರಣವಿಲ್ಲದೆ ಎರಗುವ ಭಯವನ್ನು ‘ಪಾನಿಕೋನ್ ದೇಯ್ಮಾ’ ಎಂದರು, ಅಂದರೆ ಪ್ಯಾನ್‌ಗೆ ಸೇರಿದ ಹೆದರಿಕೆ. ‘ಪಾನಿಕೋಸ್’ ಎಂಬ ಈ ವಿಶೇಷಣವೇ ಫ್ರೆಂಚ್‌ನಲ್ಲಿ ‘ಪಾನೀಕ್’ ಆಗಿ ಅಲ್ಲಿಂದ ಇಂಗ್ಲಿಷಿಗೆ ಬಂತು.

ಮೇಕೆ ಕಾಯೋ ದೇವರಿಗೂ ಭಯಕ್ಕೂ ಏನು ಸಂಬಂಧ?

ಪ್ರಾಚೀನರೇ ಇದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಕೊಟ್ಟಿದ್ದಾರೆ.

ಮೊದಲನೆಯದು ಜಾಗಕ್ಕೆ ಸಂಬಂಧಿಸಿದ್ದು. ಗುಡ್ಡದ ಒಂಟಿತನ, ನೆತ್ತಿಯ ಮೇಲಿನ ಬಿಸಿಲು, ಎಲ್ಲಿಂದಲೋ ಬರುವ ಸದ್ದು. ಕ್ರಿ.ಪೂ. 3ನೆಯ ಶತಮಾನದ ಕವಿ ಥಿಯಾಕ್ರಿಟಸ್‌ನ ಪದ್ಯವೊಂದರಲ್ಲಿ ಮೇಕೆ ಕಾಯುವವನೊಬ್ಬ ನಡುಮಧ್ಯಾಹ್ನ ಕೊಳಲೂದಲು ಒಪ್ಪುವುದಿಲ್ಲ. ಬೇಟೆಯಾಡಿ ದಣಿದ ಪ್ಯಾನ್ ಆ ಹೊತ್ತಿಗೆ ವಿಶ್ರಮಿಸುತ್ತಿರುತ್ತಾನೆ, ಎಬ್ಬಿಸಿದರೆ ಸಿಟ್ಟಾಗುತ್ತಾನೆ ಎಂಬ ಹೆದರಿಕೆ ಅವನದು.

ಎರಡನೆಯದು ಯುದ್ಧದ ಕತೆ. ಕ್ರಿ.ಶ. 2ನೆಯ ಶತಮಾನದ ಪಾಲಿಯೀನಸ್ ಪ್ರಕಾರ ಪ್ಯಾನ್ ಡಯೊನೈಸಸ್ ದೇವರ ದಂಡನಾಯಕ. ಕಣಿವೆಯಲ್ಲಿ ಶತ್ರುಗಳು ಸುತ್ತುವರಿದಾಗ ರಾತ್ರಿ ತನ್ನ ಸೈನಿಕರಿಂದ ಒಟ್ಟಿಗೆ ಕೂಗು ಹಾಕಿಸಿದ. ಬಂಡೆಗಳು ಮಾರ್ದನಿಸಿ ಸದ್ದು ಹಲವು ಪಟ್ಟಾಯಿತು, ಶತ್ರುಗಳು ದೊಡ್ಡ ಸೈನ್ಯವೇ ಬಂತೆಂದು ಓಡಿದರು. ಮೂರನೆಯದನ್ನು ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳುತ್ತಾನೆ: ಈಜಿಪ್ಟಿನಲ್ಲಿ ಒಸೈರಿಸ್ ದೇವರು ಸತ್ತ ಸುದ್ದಿ ಮೊದಲು ತಿಳಿದದ್ದು ಅಲ್ಲಿಯ ಪ್ಯಾನ್‌ಗಳು, ಸ್ಯಾಟರ್‌ಗಳು ಎಂಬ ಕಾಡಿನ ಕಿರುದೈವಗಳಿಗೆ, ಜನಸಮೂಹದ ಹಠಾತ್ ಗಾಬರಿಗೆ ಆ ಹೆಸರು ಬಂದದ್ದು ಅದರಿಂದ.

ಎರಡನೆಯದೂ ಮೂರನೆಯದೂ ಪದ ಹುಟ್ಟಿದ ಬಹುಕಾಲದ ನಂತರ ಅದನ್ನು ವಿವರಿಸಲು ಕಟ್ಟಿದ ಕತೆಗಳೆಂದು ನಮ್ಮ ಅಭಿಪ್ರಾಯ. ಮೊದಲನೆಯದರಲ್ಲಿ ಹುರುಳಿದೆ. ಮೇಯುತ್ತಿರುವ ಹಿಂಡನ್ನು ಗಮನಿಸಿದವರಿಗೆ ಇದು ಗೊತ್ತು. ಎಲ್ಲವೂ ತಲೆ ತಗ್ಗಿಸಿ ಮೇಯುತ್ತಿರುವಾಗ ಒಂದು ಕುರಿ ತಟ್ಟನೆ ತಲೆಯೆತ್ತುತ್ತದೆ, ಕಿವಿ ನಿಮಿರಿಸುತ್ತದೆ, ಮೈ ಬಿಗಿಹಿಡಿಯುತ್ತದೆ. ಪಕ್ಕದ್ದು ಯಾವ ಸದ್ದನ್ನೂ ಕೇಳಿರುವುದಿಲ್ಲ, ಅದು ನೋಡಿದ್ದು ಮೊದಲನೆಯದರ ಬೆದರಿದ ಮೈಯನ್ನು ಮಾತ್ರ. ಅಷ್ಟರಲ್ಲಿ ಇಡೀ ಹಿಂಡು ಇಳಿಜಾರಿನಲ್ಲಿ ಓಡುತ್ತಿರುತ್ತದೆ. ಕಾಯುವವನಿಗೆ ತೋಳವೂ ಕಾಣುವುದಿಲ್ಲ, ಹಾವೂ ಕಾಣುವುದಿಲ್ಲ. ಕಾಣದ ಕಾರಣಕ್ಕೆ ಹಿಂಡಿನ ದೇವರ ಹೆಸರಿಟ್ಟದ್ದು ಸಹಜ. ದಿಢೀರೆನ್ನುವುದು, ಕಾರಣ ಕಾಣದಿರುವುದು, ಹರಡುವುದು ಎಲ್ಲವೂ ಈ ಒಂದು ದೃಶ್ಯದಲ್ಲಿವೆ.

ಆ ಕಾಲದ ಸೈನ್ಯಗಳು ಪ್ಯಾನಿಕ್‌ಗೆ ಏನಾದ್ರೂ ಪರಿಹಾರ ಕಂಡುಕೊಂಡಿದ್ದವಾ?

ಕಂಡುಕೊಂಡಿದ್ದವು, ಇಂದಿಗೂ ಓದಬೇಕಾದಷ್ಟು ಚೆನ್ನಾಗಿ. ಕ್ರಿ.ಪೂ. 4ನೆಯ ಶತಮಾನದ ನಡುವೆ ಕೋಟೆ ರಕ್ಷಣೆಯ ಬಗ್ಗೆ ಬರೆದ ಈನಿಯಸ್ ಟ್ಯಾಕ್ಟಿಕಸ್ ಇದಕ್ಕೊಂದು ಭಾಗವನ್ನೇ ಮೀಸಲಿಟ್ಟಿದ್ದಾನೆ. ಈ ಪದ ಪೆಲೊಪೊನೀಸ್‌ನದು, ಅದರಲ್ಲೂ ಅರ್ಕೇಡಿಯಾದ್ದು ಎಂದು ಬರೆದವನೂ ಅವನೇ. ಅವನು ಕೊಡುವ ಒಂದು ಉದಾಹರಣೆಯಲ್ಲಿ ಸ್ಪಾರ್ಟಾದ ಅಧಿಕಾರಿಯೊಬ್ಬ ಹೀಗೆ ಆಜ್ಞೆ ಮಾಡುತ್ತಾನೆ: ರಾತ್ರಿ ಗದ್ದಲವೆದ್ದರೆ ಪ್ರತಿಯೊಬ್ಬನೂ ಮಲಗಿದಲ್ಲೇ ಆಯುಧ ಹಿಡಿದು ಎದ್ದು ಕೂರಬೇಕು, ನಿಲ್ಲಬಾರದು. ನಿಂತವನನ್ನು ಶತ್ರುವೆಂದೇ ಭಾವಿಸಲಾಗುತ್ತದೆ. ಭಯ ಹರಡುವುದು ಕದಲುವ ಮೈಗಳಿಂದ. ಎಲ್ಲರೂ ಕೂತೇ ಇದ್ದರೆ ಅದಕ್ಕೆ ದಾರಿ ಮುಚ್ಚಿದಂತೆ.

ಕ್ರಿ.ಪೂ. 401ರದು ಇನ್ನೂ ಸೊಗಸಾದ ಘಟನೆ. ಕುನಾಕ್ಸಾ ಯುದ್ಧದ ನಂತರ ಪರ್ಷಿಯನ್ನರ ನೆಲದಲ್ಲಿ ಸಿಕ್ಕಿಬಿದ್ದ ಗ್ರೀಕ್ ಪಡೆಯಲ್ಲಿ ಒಂದು ರಾತ್ರಿ ಗಾಬರಿ ಹಬ್ಬಿತು. ನಾಯಕ ಕ್ಲಿಯಾರ್ಕಸ್ ‘ಹೆದರಬೇಡಿ’ ಎನ್ನಲಿಲ್ಲ. ಡಂಗುರ ಸಾರುವವನನ್ನು ಕರೆದು ಹೀಗೆ ಸಾರಿಸಿದ: ಆಯುಧಗಳ ನಡುವೆ ಕತ್ತೆ ಬಿಟ್ಟವನು ಯಾರೆಂದು ಹೇಳಿದವರಿಗೆ ಒಂದು ಟ್ಯಾಲೆಂಟ್ ಬೆಳ್ಳಿ ಬಹುಮಾನ. ಟ್ಯಾಲೆಂಟ್ ಅಂದರೆ ಸುಮಾರು 26 ಕಿಲೋ. ಅದನ್ನು ಕೇಳಿದ್ದೇ ತಡ, ಗಾಬರಿಗೆ ಬುಡವಿಲ್ಲವೆಂದು ಸೈನಿಕರಿಗೆ ಅರ್ಥವಾಯಿತು. ಅಲ್ಲೇ ಇದ್ದ ಕ್ಸೆನೊಫೋನ್ ಇದನ್ನು ದಾಖಲಿಸಿದ್ದಾನೆ. ಕಾಣದ ಕಾರಣದ ಜಾಗದಲ್ಲಿ ಕ್ಲಿಯಾರ್ಕಸ್ ಒಂದು ಸಣ್ಣ, ಎಲ್ಲರಿಗೂ ಪರಿಚಿತವಾದ ಕಾರಣವನ್ನು ತಂದಿಟ್ಟ. ಕತ್ತೆ ನಿಜಕ್ಕೂ ಇರಬೇಕಾಗಿರಲಿಲ್ಲ.

ಪರಿಹಾರ ಮಾಡದಿದ್ದರೆ ಏನಾಗುತ್ತಿತ್ತು ಎಂಬುದನ್ನು ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಬರೆದಿದ್ದಾನೆ. ಕ್ರಿ.ಪೂ. 279ರಲ್ಲಿ ಗ್ರೀಕರ ಪುಣ್ಯಕ್ಷೇತ್ರವಾದ ಡೆಲ್ಫಿಯ ಮೇಲೆ ದಂಡೆತ್ತಿ ಬಂದು ಹಿಮ್ಮೆಟ್ಟಿದ ಗಾಲ್ ಜನರ ಶಿಬಿರದಲ್ಲಿ ಕತ್ತಲಾಗುತ್ತಿದ್ದಂತೆ ಕೆಲವರಿಗೆ ಕುದುರೆಗಳ ಗೊರಸಿನ ಸದ್ದು ಕೇಳಿದಂತಾಯಿತು. ಸ್ವಲ್ಪ ಹೊತ್ತಿನಲ್ಲಿ ಎಲ್ಲರಿಗೂ ಕೇಳತೊಡಗಿತು. ತಮ್ಮವರ ಮುಖವಾಗಲಿ, ಮಾತಾಗಲಿ ಗುರುತು ಹತ್ತದೆ ಪರಸ್ಪರ ಕಡಿದಾಡಿ ಸತ್ತರು.

ಮ್ಯಾರಥಾನ್ ಯುದ್ಧದಲ್ಲಿ ಪ್ಯಾನ್ ಪರ್ಷಿಯನ್ನರನ್ನು ಹೆದರಿಸಿ ಓಡಿಸಿದ್ದರಿಂದ ಈ ಪದ ಹುಟ್ಟಿತಂತೆ?

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹಾಗೆ ಹೇಳಿಲ್ಲ. ಕ್ರಿ.ಪೂ. 490ರಲ್ಲಿ, ಆ ಯುದ್ಧಕ್ಕೆ ಮುಂಚೆ, ನೆರವು ಕೋರಲು ಸ್ಪಾರ್ಟಾಕ್ಕೆ ಓಡಿದ ಅಥೆನ್ಸಿನ ದೂತನಿಗೆ ತೆಗಿಯಾ ಊರಿನ ಮೇಲಿರುವ ಪಾರ್ಥೆನಿಯನ್ ಬೆಟ್ಟದಲ್ಲಿ ಪ್ಯಾನ್ ಎದುರಾದ, ‘ನಾನು ನಿಮಗೆ ಉಪಕಾರ ಮಾಡುತ್ತಿದ್ದರೂ ಅಥೆನ್ಸಿನವರು ನನ್ನನ್ನೇಕೆ ಲೆಕ್ಕಿಸುವುದಿಲ್ಲ’ ಎಂದು ಕೇಳಿದ. ಆಮೇಲೆ ಅಥೆನ್ಸಿನವರು ಅಕ್ರೊಪೊಲಿಸ್‌ನ ಕೆಳಗೆ ಅವನಿಗೊಂದು ಗುಡಿ ಮಾಡಿ ಪ್ರತಿವರ್ಷ ಬಲಿ ಮತ್ತು ಪಂಜಿನ ಓಟ ನಡೆಸಿದರು. ಹೆರೊಡೋಟಸ್‌ನಲ್ಲಿರುವುದು ಇಷ್ಟೇ. ಪರ್ಷಿಯನ್ನರನ್ನು ಬೆದರಿಸಿದ ಭಾಗ ನಂತರ ಅಂಟಿಕೊಂಡದ್ದು.

ಪ್ಯಾನ್ ಅಂದ್ರೆ ‘ಎಲ್ಲ’ ಅಂತ ಅಲ್ವಾ, ಪ್ಯಾಂಡೆಮಿಕ್‌ನಲ್ಲಿ ಇರೋ ಹಾಗೆ?

ಅದು ಬೇರೆ, ಇದು ಬೇರೆ. ಪ್ಯಾಂಡೆಮಿಕ್, ಪ್ಯಾಂಕ್ರಿಯಾಸ್, ಪ್ಯಾಂಡೆಮೋನಿಯಮ್ ಪದಗಳ ಮೊದಲ ಭಾಗ ಗ್ರೀಕ್‌ನ ‘ಎಲ್ಲ’. ಪ್ಯಾಂಡೆಮೋನಿಯಮ್ ಅಂತೂ ಪಿಶಾಚಿಗಳೆಲ್ಲ ಸೇರುವ ಅರಮನೆಗೆಂದು ಕವಿ ಮಿಲ್ಟನ್ 1667ರಲ್ಲಿ ಕಟ್ಟಿದ ಹೆಸರು. ಪ್ಯಾನಿಕ್‌ಗೆ ಇವುಗಳ ನಂಟಿಲ್ಲ.

ಗೊಂದಲ ಹಳೆಯದು. ಎಲ್ಲ ದೇವರುಗಳನ್ನೂ ಸಂತೋಷಪಡಿಸಿದ್ದರಿಂದ ಮಗುವಿಗೆ ಪ್ಯಾನ್ ಎಂದು ಹೆಸರಿಟ್ಟರು ಎಂದು ಗ್ರೀಕರ ಸ್ತೋತ್ರವೇ ಹೇಳುತ್ತದೆ. ಅದು ಸದ್ದಿನ ಹೋಲಿಕೆಯಿಂದ ಹುಟ್ಟಿದ ವಿವರಣೆ. ಕಾಯುವುದು, ಮೇಯಿಸುವುದು ಎಂಬ ಅರ್ಥದ ಪ್ರಾಚೀನ ಧಾತುವಿನಿಂದ ದೇವರ ಹೆಸರು ಬಂದಿದೆ ಎಂಬುದು ಹೆಚ್ಚು ಒಪ್ಪಿತವಾದ ಮಾತು. ಲ್ಯಾಟಿನ್ನಿನ ‘ಪಾಸ್ಟರ್’, ಅಂದರೆ ಕುರುಬ, ಅದೇ ಧಾತುವಿನದು. ಕೆಲವು ಭಾಷಾವಿಜ್ಞಾನಿಗಳು ವೇದದ ಪೂಷನ್ ದೇವರನ್ನೂ ಪ್ಯಾನ್ ಜೊತೆಗಿಟ್ಟು ನೋಡುತ್ತಾರೆ. ಪೂಷನ್ ದನಕರುಗಳನ್ನೂ ದಾರಿಹೋಕರನ್ನೂ ಕಾಯುವವನು, ಅವನ ರಥವನ್ನು ಎಳೆಯುವುದು ಮೇಕೆಗಳು. ಎರಡು ಹೆಸರುಗಳ ನಂಟನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಆದರೆ ದೇವರುಗಳ ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ.

ಇಂಗ್ಲಿಷಿಗೆ ಯಾವಾಗ ಬಂತು?

1600ರ ಆಸುಪಾಸಿಗೆ, ಮೊದಲು ವಿಶೇಷಣವಾಗಿ. ಆಗ ಬರೀ ಪ್ಯಾನಿಕ್ ಎನ್ನುತ್ತಿರಲಿಲ್ಲ, ‘ಪ್ಯಾನಿಕ್ ಫಿಯರ್’, ‘ಪ್ಯಾನಿಕ್ ಟೆರರ್’ ಎನ್ನುತ್ತಿದ್ದರು. 18ನೆಯ ಶತಮಾನದ ಆರಂಭಕ್ಕೆ ಅದು ಒಂಟಿಯಾಗಿ ನಿಲ್ಲುವ ನಾಮಪದವಾಯಿತು. 1708ರಲ್ಲಿ ಶಾಫ್ಟ್ಸ್‌ಬರಿ ಎಂಬ ಚಿಂತಕ ಅದರ ಅರ್ಥವನ್ನು ಭಯದಿಂದಾಚೆಗೂ ಒಯ್ದ. ಜನಸಮೂಹದಲ್ಲಿ ಹುಟ್ಟಿ, ನೋಟದಿಂದಲೋ ಸೋಂಕಿನಂತೆಯೋ ಹಬ್ಬುವ ಯಾವ ಭಾವವನ್ನಾದರೂ ಪ್ಯಾನಿಕ್ ಎನ್ನಬಹುದೆಂದು ವಾದಿಸಿದ. ಅವನ ಮನಸ್ಸಿನಲ್ಲಿದ್ದದ್ದು ಧಾರ್ಮಿಕ ಉನ್ಮಾದ. ಕ್ರಿಯಾಪದದ ರೂಪ ಬಂದದ್ದು 19ನೆಯ ಶತಮಾನದಲ್ಲಿ.

ವಿಮಾನದವರು ಹೇಳೋ ‘ಪಾನ್-ಪಾನ್’ ಇದೇ ಪದಾನಾ? ಮತ್ತೆ ‘ಪ್ಯಾನಿಕ್ ಗ್ರಾಸ್’?

ಎರಡೂ ಅಲ್ಲ. ವಿಮಾನ ಮತ್ತು ಹಡಗುಗಳ ರೇಡಿಯೋದಲ್ಲಿ ಮೂರು ಬಾರಿ ಹೇಳುವ ‘ಪಾನ್-ಪಾನ್’ ಫ್ರೆಂಚ್‌ನ ‘ಪಾನ್’, ಅಂದರೆ ಯಂತ್ರ ಕೆಟ್ಟು ನಿಲ್ಲುವುದು, ಎಂಬುದರಿಂದ ಬಂದದ್ದು. ತುರ್ತು ಇದೆ, ಆದರೆ ಪ್ರಾಣಾಪಾಯ ಈ ಕ್ಷಣಕ್ಕೆ ಇಲ್ಲ ಎಂದು ಅದರ ಅರ್ಥ. ಇದ್ದರೆ ‘ಮೇಡೇ’. ಹುಲ್ಲಿನ ಹೆಸರು ಲ್ಯಾಟಿನ್ನಿನ ‘ಪಾನಿಕುಮ್’ ಎಂಬ ಸಿರಿಧಾನ್ಯದ ಹೆಸರಿನಿಂದ ಬಂದದ್ದು. ಬರಗಿನ ಸಸ್ಯಶಾಸ್ತ್ರೀಯ ಹೆಸರಿನಲ್ಲೂ ಅದೇ ಪದವಿದೆ.

## ಅಕ್ಕಪಕ್ಕದ ಪದಗಳು

ಫಿಯರ್, ಟೆರರ್, ಹಾರರ್, ಫೋಬಿಯಾ, ಆಂಗ್ಸೈಟಿ: ಇವೆಲ್ಲ ಒಂದೇನಾ?

ಅಲ್ಲ, ಮೂಲ ನೋಡಿದರೆ ಒಂದೊಂದರ ಸ್ವಭಾವವೂ ತಿಳಿಯುತ್ತದೆ. ಫಿಯರ್ ಹಳೆಯ ಇಂಗ್ಲಿಷ್‌ನಲ್ಲಿ ಭಾವನೆಯ ಹೆಸರಾಗಿರಲಿಲ್ಲ. ಹಠಾತ್ತನೆ ಬಂದೆರಗುವ ಅಪಾಯಕ್ಕೇ ಆ ಹೆಸರಿತ್ತು, ಕ್ರಮೇಣ ಅಪಾಯದಿಂದ ಮನಸ್ಸಿಗೆ ದಾಟಿತು. ಟೆರರ್ ಲ್ಯಾಟಿನ್ನಿನದು, ನಡುಗು ಎಂಬ ಧಾತುವಿನಿಂದ ಬಂದದ್ದು. ಸಂಸ್ಕೃತದ ‘ತ್ರಾಸ’ ಅದರ ಹತ್ತಿರದ ನೆಂಟ. ಹಾರರ್ ಎಂದರೆ ಕೂದಲು ನಿಮಿರುವುದು, ಅದರ ನೆಂಟ ‘ಹರ್ಷ’. ನಮಗೆ ಹರ್ಷ ಈಗ ಬರೀ ಸಂತೋಷ, ಆದರೆ ‘ರೋಮಹರ್ಷ’ದಲ್ಲಿ ಮೈನವಿರೇಳುವ ಹಳೆಯ ಅರ್ಥ ಉಳಿದಿದೆ.

ಆಂಗ್ಸೈಟಿ ಬಂದದ್ದು ಕತ್ತು ಹಿಸುಕು ಎಂಬ ಲ್ಯಾಟಿನ್ ಕ್ರಿಯಾಪದದಿಂದ. ಆತಂಕದಲ್ಲಿ ಗಂಟಲು ಕಟ್ಟುವವರಿಗೆ ಇದು ಹೊಸತಲ್ಲ. ಫೋಬಿಯಾದ ಗ್ರೀಕ್ ಮೂಲ ‘ಫೋಬೋಸ್’ ಪ್ರಾಚೀನ ಕವಿ ಹೋಮರ್‌ನಲ್ಲಿ ಬೆನ್ನು ತಿರುಗಿಸಿ ಓಡುವುದನ್ನು ಹೇಳುತ್ತದೆ. ಇಂದು ಅದು ನಿರ್ದಿಷ್ಟ ವಸ್ತು ಅಥವಾ ಸನ್ನಿವೇಶದ ಬಗೆಗಿನ, ಕಾಲದಿಂದ ಉಳಿದುಬಂದ ಭಯ. ಫೋಬಿಯಾಕ್ಕೆ ಯಾವಾಗಲೂ ಒಂದು ಗುರಿ ಇರುತ್ತದೆ, ಪ್ಯಾನಿಕ್‌ಗೆ ಇರಲೇಬೇಕೆಂದಿಲ್ಲ.

## ಇಂದಿನ ಬಳಕೆಗಳು

ಗುಂಪಿನ ಭಯಕ್ಕೆ ಇದ್ದ ಪದ ಒಬ್ಬನೇ ಮನುಷ್ಯನ ‘ಪ್ಯಾನಿಕ್ ಅಟ್ಯಾಕ್’ ಹೇಗಾಯ್ತು?

ದಿಢೀರೆನ್ನುವುದು ಮತ್ತು ಕಾರಣ ಕಾಣದಿರುವುದು, ಈ ಎರಡು ಗುರುತುಗಳ ಮೂಲಕ. 1960ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಮನೋವೈದ್ಯ ಡೊನಾಲ್ಡ್ ಕ್ಲೈನ್ ಕೆಲವು ರೋಗಿಗಳಿಗೆ ಇಮಿಪ್ರಮೀನ್ ಎಂಬ ಔಷಧ ಕೊಟ್ಟು ಗಮನಿಸಿದರು. ಇದ್ದಕ್ಕಿದ್ದಂತೆ ಬರುತ್ತಿದ್ದ ಭಯದ ಹೊಡೆತಗಳು ನಿಂತವು, ಆದರೆ ‘ಮತ್ತೆ ಬಂದೀತೇ’ ಎಂಬ ನಿರಂತರ ಆತಂಕ ಹಾಗೇ ಉಳಿಯಿತು. ಎರಡೂ ಒಂದೇ ಆಗಿದ್ದರೆ ಹೀಗಾಗುತ್ತಿರಲಿಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ 3ನೆಯ ಆವೃತ್ತಿಯಲ್ಲಿ ಪ್ಯಾನಿಕ್ ಡಿಸಾರ್ಡರ್ ಪ್ರತ್ಯೇಕ ಕಾಯಿಲೆಯಾಯಿತು.

ಈಗಿನ ಅಳತೆಗೋಲು ಹೀಗಿದೆ: ಭಯ ಅಥವಾ ತೀವ್ರ ಕಸಿವಿಸಿ ಕೆಲವೇ ನಿಮಿಷಗಳಲ್ಲಿ ತುತ್ತತುದಿಗೇರಬೇಕು, 13 ಲಕ್ಷಣಗಳಲ್ಲಿ ಕನಿಷ್ಠ 4 ಇರಬೇಕು. ಎದೆ ಹೊಡೆದುಕೊಳ್ಳುವುದು, ಬೆವರು, ನಡುಕ, ಉಸಿರು ಕಟ್ಟಿದಂತಾಗುವುದು, ಎದೆನೋವು, ತಲೆಸುತ್ತು, ಕೈಕಾಲು ಜೋಮು, ಸತ್ತೇಹೋಗುತ್ತೇನೆಂಬ ಭಯ ಅವುಗಳಲ್ಲಿ ಕೆಲವು. ಒಮ್ಮೆ ಬಂದ ಮಾತ್ರಕ್ಕೆ ಡಿಸಾರ್ಡರ್ ಅಲ್ಲ. ಅನಿರೀಕ್ಷಿತವಾಗಿ ಮರುಕಳಿಸಬೇಕು, ಅದರಿಂದಾಗಿ ಕನಿಷ್ಠ 1 ತಿಂಗಳು ಚಿಂತೆ ಕಾಡಬೇಕು ಅಥವಾ ನಡವಳಿಕೆ ಬದಲಾಗಬೇಕು.

ಮೊದಲ ಬಾರಿ ಎದೆನೋವು, ಉಸಿರಾಟದ ತೊಂದರೆ ಬಂದರೆ ಅದನ್ನು ಪ್ಯಾನಿಕ್ ಎಂದು ನೀವೇ ತೀರ್ಮಾನಿಸಬೇಡಿ. ಹೃದಯಾಘಾತದ ಲಕ್ಷಣಗಳೂ ಹೀಗೇ ಇರುತ್ತವೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪ್ಯಾನಿಕ್ ಎಂದು ವೈದ್ಯರು ಖಚಿತಪಡಿಸಿದ ಮೇಲೆ ಬರುವ ಹೊಡೆತದಲ್ಲಿ ಉಸಿರನ್ನು ನಿಧಾನ ಮಾಡಿ, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡಿ. ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಜೋಮು, ತಲೆಸುತ್ತು ಬರುವುದು ಅದರಿಂದ, ಅದು ಭಯವನ್ನು ಇನ್ನಷ್ಟು ಏರಿಸುತ್ತದೆ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬೇಡ. ನಿಜವಾದ ತೊಂದರೆ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಅದು ಅಪಾಯಕಾರಿ. ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ ಚಿಕಿತ್ಸೆ ಈ ಕಾಯಿಲೆಗೆ ಚೆನ್ನಾಗಿ ಫಲ ಕೊಡುತ್ತದೆ, ಔಷಧಗಳೂ ಇವೆ.

‘ಆಂಗ್ಸೈಟಿ ಅಟ್ಯಾಕ್’ ಅಂದ್ರೂ ಅದೇನಾ?

ಆಡುಮಾತಿನಲ್ಲಿ ಹಾಗೇ ಬಳಸುತ್ತಾರೆ. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಲ್ಲಿ ಆಂಗ್ಸೈಟಿ ಅಟ್ಯಾಕ್ ಎಂಬ ರೋಗನಿರ್ಣಯವಿಲ್ಲ. ವೈದ್ಯರ ಬಳಿ ಯಾವ ಹೆಸರೂ ಹೇಳಬೇಕಿಲ್ಲ. ಎಷ್ಟು ಬೇಗ ಏರಿತು, ಎಷ್ಟು ಹೊತ್ತು ಇತ್ತು, ಆಗ ಏನು ಮಾಡುತ್ತಿದ್ದಿರಿ ಎಂದು ಹೇಳಿದರೆ ಹೆಚ್ಚು ಉಪಯೋಗ.

ಬ್ಯಾಂಕಿಂಗ್‌ನಲ್ಲಿ ‘ಪ್ಯಾನಿಕ್ ಆಫ್ 1907’ ಅಂತ ಓದಿದೆ. ಹಣಕ್ಕೂ ಈ ಪದ ಯಾಕೆ?

ಠೇವಣಿದಾರರು ಒಬ್ಬರನ್ನು ನೋಡಿ ಒಬ್ಬರು ಬ್ಯಾಂಕಿಗೆ ಓಡುವುದು ಹಿಂಡಿನ ಓಟದಂತೆಯೇ ಕಂಡದ್ದರಿಂದ. ಅಮೆರಿಕದ 1837, 1873, 1893ರ ಕುಸಿತಗಳಿಗೂ ಇದೇ ಹೆಸರು. 1907ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಟ್ರಸ್ಟ್ ಎಂಬ ಹಣಕಾಸು ಸಂಸ್ಥೆ ಬಾಗಿಲು ಮುಚ್ಚಿದ ಮೇಲೆ ಹಬ್ಬಿದ ಗಾಬರಿಯೇ ಮುಂದೆ 1913ರಲ್ಲಿ ಅಲ್ಲಿಯ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಸ್ಥಾಪನೆಗೆ ದಾರಿಯಾಯಿತು. 1873ರಲ್ಲೇ ಲಂಡನ್ನಿನ ಅರ್ಥಚಿಂತಕ ವಾಲ್ಟರ್ ಬ್ಯಾಜಟ್, ಪ್ಯಾನಿಕ್ ಒಂದು ಬಗೆಯ ನರಶೂಲೆ, ಅದನ್ನು ಉಪವಾಸ ಕೆಡವಬಾರದು ಎಂದು ಬರೆದಿದ್ದ. ಗಾಬರಿಯ ಹೊತ್ತಿನಲ್ಲಿ ಕೇಂದ್ರ ಬ್ಯಾಂಕು ಕೈಬಿಗಿ ಮಾಡದೆ ಸಾಲ ಕೊಡಬೇಕೆಂದು ಅವನ ಸಲಹೆ.

ಆದರೆ ಇಲ್ಲಿ ಪದ ಪೂರ್ತಿ ಹೊಂದುವುದಿಲ್ಲ. ಎಲ್ಲರೂ ಹಣ ತೆಗೆಯುತ್ತಾರೆಂದು ಗೊತ್ತಾದ ಮೇಲೆ ನಾನೂ ಓಡುವುದು ಬುದ್ಧಿಗೇಡಿತನವಲ್ಲ. ಕೊನೆಗೆ ಹೋದವನಿಗೆ ಏನೂ ಉಳಿಯುವುದಿಲ್ಲ. ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ 1983ರಲ್ಲಿ ಇದನ್ನು ಗಣಿತದ ಮೂಲಕ ತೋರಿಸಿದರು, 2022ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಕಂಪ್ಯೂಟರ್‌ನಲ್ಲಿ ‘ಕರ್ನಲ್ ಪ್ಯಾನಿಕ್’ ಅಂತ ಬರುತ್ತಲ್ಲ?

ಕಂಪ್ಯೂಟರನ್ನು ನಡೆಸುವ ಯುನಿಕ್ಸ್ ಎಂಬ ತಂತ್ರಾಂಶದ ಆರಂಭದ ದಿನಗಳಿಂದ ಬಂದ ಹೆಸರು. ಕರ್ನಲ್ ಎಂದರೆ ಅಂಥ ತಂತ್ರಾಂಶದ ತಿರುಳು. ಸರಿಪಡಿಸಲಾಗದ ದೋಷ ಎದುರಾದರೆ ‘ಪ್ಯಾನಿಕ್’ ಎಂಬ ಹೆಸರಿನ ಫಂಕ್ಷನ್ ಕೆಲಸ ಶುರುಮಾಡಿ ಯಂತ್ರವನ್ನು ನಿಲ್ಲಿಸುತ್ತದೆ. ಮುಂದುವರಿದರೆ ಡಿಸ್ಕಿನಲ್ಲಿರುವ ಮಾಹಿತಿ ಕೆಡಬಹುದು, ಆದ್ದರಿಂದ ನಿಲ್ಲುವುದೇ ಕ್ಷೇಮ. ಹೆಸರು ಪ್ಯಾನಿಕ್ ಆದರೂ ನಡೆಯುವುದು ಲೆಕ್ಕಾಚಾರದ ಕೆಲಸ.

‘ಮಾರಲ್ ಪ್ಯಾನಿಕ್’ ಅಂದ್ರೇನು?

ಯಾವುದೋ ಒಂದು ಗುಂಪು ಅಥವಾ ಅಭ್ಯಾಸ ಸಮಾಜವನ್ನೇ ಹಾಳುಮಾಡುತ್ತದೆಂಬ, ವಾಸ್ತವಕ್ಕೆ ಮೀರಿದ ಹುಯಿಲು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೋಹೆನ್ 1972ರಲ್ಲಿ ಇದನ್ನು ಪ್ರಚಲಿತಗೊಳಿಸಿದರು. ಅವರು ಅಧ್ಯಯನ ಮಾಡಿದ್ದು 1960ರ ದಶಕದ ಮಾಡ್ಸ್ ಮತ್ತು ರಾಕರ್ಸ್ ಎಂಬ ಯುವಕರ ಗುಂಪುಗಳ ಬಗ್ಗೆ ಎದ್ದ ಗದ್ದಲವನ್ನು.

ಥಿಯೇಟರ್ ಬಾಗಿಲಿಗೆ ಇರೋ ಅಡ್ಡಪಟ್ಟಿಗೆ ‘ಪ್ಯಾನಿಕ್ ಬಾರ್’ ಅಂತ ಯಾಕೆ ಹೆಸರು?

ದೊಡ್ಡ ದುರಂತಗಳ ನಂತರ ಹುಟ್ಟಿದ ಸಾಧನ ಅದು. 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್ಲೆಂಡ್‌ನ ವಿಕ್ಟೋರಿಯಾ ಹಾಲ್‌ನಲ್ಲಿ 183 ಮಕ್ಕಳು ಸತ್ತರು. ಮೆಟ್ಟಿಲ ಕೆಳಗಿನ ಬಾಗಿಲು ಒಳಮುಖವಾಗಿ ತೆರೆಯುತ್ತಿತ್ತು, ಒಂದು ಸಲಕ್ಕೆ ಒಂದೇ ಮಗು ದಾಟುವಷ್ಟು ಸಂದಿ ಬಿಟ್ಟು ಅಗಳಿ ಹಾಕಲಾಗಿತ್ತು. 1892ರಲ್ಲಿ ರಾಬರ್ಟ್ ಬ್ರಿಗ್ಸ್ ಎಂಬವರು ಒಳಗಿನಿಂದ ತಳ್ಳಿದರೆ ತೆರೆಯುವ ‘ಪ್ಯಾನಿಕ್ ಬೋಲ್ಟ್’ಗೆ ಪೇಟೆಂಟ್ ಪಡೆದರು. 1903ರ ಡಿಸೆಂಬರ್ 30ರಂದು ಶಿಕಾಗೋದ ಇರಾಕ್ವಾ ಥಿಯೇಟರಿನ ಬೆಂಕಿಯಲ್ಲಿ 600ಕ್ಕೂ ಹೆಚ್ಚು ಜನ ಸತ್ತ ಮೇಲೆ ಅಮೆರಿಕದಲ್ಲೂ ಅಂಥ ಸಾಧನ ತಯಾರಾಗಿ ಮಾರುಕಟ್ಟೆಗೆ ಬಂತು. ಅದರ ಗುಣ ಇಷ್ಟೇ: ಚಿಲಕ ಹುಡುಕಬೇಕಿಲ್ಲ, ತಿರುಗಿಸಬೇಕಿಲ್ಲ, ಮೈ ತಾಗಿದರೂ ಬಾಗಿಲು ಹೊರಕ್ಕೆ ತೆರೆಯುತ್ತದೆ.

ಆದರೆ ಸಂಡರ್ಲೆಂಡ್‌ನ ಮಕ್ಕಳು ಹೆದರಿ ಓಡಿರಲಿಲ್ಲ. ಪ್ರದರ್ಶನ ಮುಗಿದ ಮೇಲೆ ಕೆಳಗೆ ಹಂಚುತ್ತಿದ್ದ ಬಹುಮಾನಕ್ಕಾಗಿ ಖುಷಿಯಿಂದ ಓಡಿದ್ದರು.

ಜನಸಂದಣಿಯಲ್ಲಿ ಸಾವಾದಾಗ ‘ಪ್ಯಾನಿಕ್‌ನಿಂದ’ ಅಂತ ಬರೀಬಹುದಾ?

ಸಾಕ್ಷ್ಯ ಇಲ್ಲದೆ ಬರೆಯಬಾರದು. ಈ ಪದದ ಅತಿ ಹಾನಿಕರ ದುರ್ಬಳಕೆ ಇದೇ ಎಂದು ನಾವು ಭಾವಿಸುತ್ತೇವೆ, ಏಕೆಂದರೆ ಅದು ಸತ್ತವರ ಮೇಲೇ ತಪ್ಪು ಹೊರಿಸುತ್ತದೆ. ಸಮಾಜಶಾಸ್ತ್ರಜ್ಞ ಎನ್ರಿಕೊ ಕ್ವಾರಂಟೆಲಿ 1950ರ ದಶಕದಿಂದಲೇ ದುರಂತಗಳಲ್ಲಿ ಸಿಕ್ಕ ಜನರ ನಡವಳಿಕೆಯನ್ನು ಅಧ್ಯಯನ ಮಾಡಿ, ನಿಜವಾದ ಪ್ಯಾನಿಕ್ ಬಹಳ ಅಪರೂಪ ಎಂದು ಕಂಡುಕೊಂಡರು. ಹೆಚ್ಚಿನವರು ಮನೆಯವರನ್ನು ಹುಡುಕುತ್ತಾರೆ, ಪಕ್ಕದವರಿಗೆ ನೆರವಾಗುತ್ತಾರೆ.

ಸಂದಣಿಯಲ್ಲಿ ಜನರನ್ನು ಕೊಲ್ಲುವುದು ಒತ್ತಡ. ಒಂದು ಚದರ ಮೀಟರಿನಲ್ಲಿ ನಾಲ್ಕು ಜನರಿದ್ದರೆ ಹೇಗೋ ಹೆಜ್ಜೆ ಇಡಬಹುದು. ಆರೇಳು ಜನರಾದರೆ ಯಾರ ಮೈಯೂ ಅವರ ಹಿಡಿತದಲ್ಲಿರುವುದಿಲ್ಲ, ಹಿಂದಿನವರ ಒಂದು ಸಣ್ಣ ನೂಕು ಅಲೆಯಂತೆ ಮುಂದಿನವರ ತನಕ ಹಾಯುತ್ತದೆ. ಎದೆಗೂಡು ಹಿಗ್ಗಲು ಜಾಗವಿಲ್ಲದೆ ನಿಂತಲ್ಲೇ ಉಸಿರು ನಿಲ್ಲುತ್ತದೆ. ಹಿಂದೆ ಇರುವವರಿಗೆ ಮುಂದೆ ಏನಾಗುತ್ತಿದೆ ಎಂದೇ ತಿಳಿದಿರುವುದಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ ಆದದ್ದು ಇದೇ. ಕೊನೆಗೆ ಸತ್ತವರ ಸಂಖ್ಯೆ 97 ಆಯಿತು. ಮೊದಲು ಅಭಿಮಾನಿಗಳನ್ನೇ ದೂರಿದರು. ಅವರ ತಪ್ಪಿಲ್ಲವೆಂದು ವಿಚಾರಣಾ ಜ್ಯೂರಿ ಹೇಳಿದ್ದು 2016ರಲ್ಲಿ.

ವರದಿ ಬರೆಯುವವರು ‘ಕಾಲ್ತುಳಿತ’ ಎನ್ನುವ ಮುಂಚೆಯೂ ಯೋಚಿಸಬೇಕು. ಅದು ಓಡುತ್ತಿದ್ದವರು ಬಿದ್ದವರನ್ನು ತುಳಿದರು ಎಂಬ ಚಿತ್ರ ಕೊಡುತ್ತದೆ, ನಿಂತಲ್ಲೇ ಸತ್ತವರಿಗೆ ಅದು ಹೊಂದುವುದಿಲ್ಲ. ‘ಜನದಟ್ಟಣೆಯ ಒತ್ತಡಕ್ಕೆ ಸಿಕ್ಕಿ ಉಸಿರುಗಟ್ಟಿ’ ಎಂದು ಬರೆಯಿರಿ. ಜಾಗ ಎಷ್ಟು ಜನರಿಗೆ ಸಾಕಾಗುತ್ತಿತ್ತು, ಎಷ್ಟು ಜನರನ್ನು ಬಿಟ್ಟಿದ್ದರು, ಯಾವ ಬಾಗಿಲುಗಳು ತೆರೆದಿದ್ದವು, ಯಾವುವು ಮುಚ್ಚಿದ್ದವು ಎಂಬುದನ್ನು ಅದೇ ವರದಿಯಲ್ಲಿ ಕೊಡಿ. ಪ್ಯಾನಿಕ್ ಎಂದು ಅಧಿಕಾರಿಯೊಬ್ಬರು ಹೇಳಿದ್ದರೆ ಅದನ್ನು ಅವರ ಮಾತೆಂದೇ ಉದ್ಧರಣ ಚಿಹ್ನೆಯೊಳಗಿಡಿ, ಶೀರ್ಷಿಕೆಗೆ ತರಬೇಡಿ.